ಚಿಪ್ಪು, ಲೋಡು, ಗೋಟು

ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ನಗುವುದಕ್ಕೆ ಬರಗಾಲ ಅಂತ ಇಲ್ಲ. ಕೆಟ್ಟ ವಸ್ತು ಒಂದು ಬಂದರೆ, ಅದರ ಬೆನ್ನಿಗೆ ಒಂದು ಪ್ರಸಂಗವೂ ತಾನಾಗಿ ಅಂಗಡಿ ಮೆಟ್ಟಿಲು ಹತ್ತಿ ಬರುತ್ತದೆ. ಚನ್ನಗಿರಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ, ನನ್ನದು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ಜೊತೆಗೆ ಮದುವೆ ಮುಂಜಿಗೆ ಮೈಕ್ ಸೆಟ್ ಬಾಡಿಗೆ. ಎಪ್ಪತ್ತರ ದಶಕವೆಲ್ಲ ಪಕ್ಕದ ಮನೆಯವರ ರೇಡಿಯೋದೊಳಗಿನ ಜಿರಲೆ ಓಡಿಸುತ್ತಾ ನಗುನಗುತ್ತಲೇ ಕಳೆಯಿತು. ಆದರೆ ಎಂಬತ್ತರ ದಶಕದಲ್ಲಿ ನಾನೇ ಒಂದು ಕಂಪ್ಯೂಟರ್ ಕಟ್ಟಲು ಹೊರಟೆ ನೋಡಿ, ಆಗ ನಗುವ ಸರದಿ ಊರಿನದಾಯಿತು.

ಹೋಳಿಗೆ ಗಂಟಲಲ್ಲಿ

ಇದಕ್ಕೆಲ್ಲ ಕಾರಣ ಹೊನ್ನಾಳಿಯ ನನ್ನ ಮಾವ. ಅಡಿಕೆ ವ್ಯಾಪಾರಿ. ಮಾಲನ್ನು ಕೈಯಲ್ಲಿ ಹಿಡಿದ ಕೂಡಲೇ ಅದರ ದರ್ಜೆ ಹೇಳುವ ಮನುಷ್ಯ. ಅಳಿಯನಿಗೂ ಒಂದು ದರ್ಜೆ ಹಾಕಿಟ್ಟಿದ್ದರು. ಮದುವೆಯಾದ ವರ್ಷ ಹಬ್ಬಕ್ಕೆ ಹೋದಾಗ, ಪಂಕ್ತಿಯಲ್ಲಿ ಎಲ್ಲರ ಎದುರಿಗೆ ಕೇಳಿದರು.

"ಅಲ್ರೀ ಅಳಿಯಂದ್ರೇ, ಬೇರೇರು ಮಾಡಿದ್ದನ್ನ ಬಿಚ್ಚೋದು, ಮತ್ತೆ ಮುಚ್ಚೋದು. ಇಷ್ಟು ಬಿಟ್ರೆ ನೀವಾಗಿ ನೀವು ಏನಾದ್ರೂ ಮಾಡೀರೇನ್ರಿ?"

ಹೋಳಿಗೆ ಗಂಟಲಲ್ಲೇ ನಿಂತಿತು. ಆಗ ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಮನೆಯಲ್ಲೇ ಕಂಪ್ಯೂಟರ್ ಕಟ್ಟುವುದು ಹೇಗೆ ಅಂತ ಬರುತ್ತಿತ್ತು. ನಾನು ಅದನ್ನು ಓದುತ್ತಿದ್ದೆ, ಅಷ್ಟೇ. ಬಾಯಿ ಮಾತ್ರ ಮುಂದೆ ಓಡಿತು.

"ಕಂಪ್ಯೂಟರ್ ಮಾಡ್ತಾ ಇದೀನಿ ಮಾವ."

"ಮಾಡಿ? ಅದ್ರಾಗೆ ಏನ್ ಮಾಡ್ತೀರಿ?"

ಲೆಕ್ಕ, ಪತ್ರ ಅಂತ ಏನಾದರೂ ದೊಡ್ಡ ಮಾತು ಹೇಳಬಹುದಿತ್ತು. ನಿಜವೇ ಹೊರಬಂತು. "ಆಟ ಆಡ್ತೀನಿ."

ತುಪ್ಪ ಬಡಿಸುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. ಮಾವ ಹೊಟ್ಟೆ ಕುಲುಕಿಸಿ ನಕ್ಕರು. ಆಮೇಲೆ ಪಂಥ ಹಾಕಿದರು. ನ್ಯಾಮತಿಯಲ್ಲಿ ಅವರ ಅಣ್ಣನ ಮಗಳ ಮದುವೆ ನಿಶ್ಚಯವಾಗಿತ್ತು. ಅದು ಮುಗಿದ ಮೇಲೆ ನಮ್ಮ ಮನೆಗೆ ಬರುತ್ತಾರಂತೆ. "ಆಟ ಆಡ್ಸಿದ್ರಿ ಅಂದ್ರೆ ಹೊನ್ನಾಳಿ ತುಂಬಾ ಡಂಗುರ ಹೊಡೀತೀನಿ. ಆಡ್ಸಲಿಲ್ಲ ಅಂದ್ರೆ, ಕೊನೇತನಕ ನೀವು ರಿಪೇರಿ ಅಳಿಯಾನೇ."

ಕಂಪ್ಯೂಟರಿಗೆ ಟಿ.ವಿ. ಬೇಕಿತ್ತು, ಅದನ್ನೂ ಅವರೇ ಕೊಟ್ಟರು. "ತಗೊಂಡು ಹೋಗ್ರಿ. ಇದ್ರಾಗೆ ಬರೋದೆಲ್ಲ ಬರೀ ಎಳ್ಳು ಚೆಲ್ಲಿದಂಗೆ ಚುಕ್ಕಿ. ಆದ್ರೆ ಬಿಚ್ಚಬೇಡ್ರಿ!"

ಟಿ.ವಿ.ಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಹೆಂಡತಿ ಮೆಲ್ಲಗೆ ಕೇಳಿದಳು. "ರೀ, ಕಂಪ್ಯೂಟರ್ ಅಂದ್ರೆ ಏನ್ರಿ?"

"ನನಗೂ ಪೂರ್ತಿ ಗೊತ್ತಿಲ್ಲ ಕಣೇ," ಅಂದೆ.

ಚಿಪ್ಪು

ಕಂಪ್ಯೂಟರಿನ ಜೀವ ಇರುವುದು ಚಿಪ್‌ನಲ್ಲಿ. ಅದು ನಮ್ಮ ಕಡೆ ಸಿಗುವ ವಸ್ತುವಲ್ಲ, ಬೆಂಗಳೂರಿಗೇ ಹೋಗಬೇಕು. ಹೊರಡುವ ಮುಂಚೆ ನನ್ನ ತಾಯಿಗೆ ವಿಷಯ ಹೇಳಿ ಹೋದೆ. ಅದೇ ಎಡವಟ್ಟಾಯಿತು. ಮಗ ಎಲ್ಲಿ ಅಂತ ಕೇಳಿದವರಿಗೆಲ್ಲ ಆಕೆ ಒಂದೇ ಉತ್ತರ ಕೊಟ್ಟಿದ್ದಾಳೆ.

"ಬೆಂಗ್ಳೂರಿಗೆ ಹೋಗ್ಯಾನೆ. ಚಿಪ್ಪು ತರಾಕೆ."

ಕೈಗೆ ಚಿಪ್ಪು ಬಂತು ಅಂದರೆ ಏನರ್ಥ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ವಾಪಸ್ಸು ಬರುವಷ್ಟರಲ್ಲಿ ನನ್ನ ಅಂಗಡಿ ಮುಳುಗಿದೆ ಅಂತ ಬೀದಿಯೆಲ್ಲ ಮಾತು. ಎದುರುಮನೆಯ ಅಜ್ಜಿ ಸೆರಗಿನ ಮರೆಯಲ್ಲಿ ಒಂದು ಸೇರು ಅಕ್ಕಿ ತಂದು ಅಡುಗೆಮನೆಯಲ್ಲಿಟ್ಟು, "ಯಾರಿಗೂ ಹೇಳಬೇಡಪ್ಪಾ, ಎಲ್ಲರ ಮನೆಯಾಗೂ ಇರೋದೇಯಾ," ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ಅಜ್ಜೀ, ಆ ಚಿಪ್ಪಲ್ಲ! ಇಲ್ಲಿ ನೋಡು, ಇದು ಚಿಪ್ಪು!" ಅಂತ ಪೊಟ್ಟಣ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದೆ. ಜರಿಹುಳದ ಹಾಗೆ ಕಾಲುಗಳಿದ್ದ ಒಂದು ಕಪ್ಪು ತುಂಡು.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. ಮುಖ ಇನ್ನೂ ಬಾಡಿತು.

"ಅಯ್ಯೋ ಶಿವನೇ! ಚಿಪ್ಪು ಕೊಟ್ಟಿದ್ದು ಕೊಟ್ರು, ಇಷ್ಟು ಸಣ್ಣದು ಕೊಟ್ಟಾರಲ್ಲಪ್ಪಾ!"

ಗಿಳಿ ಬರೆದ ಪೆಟ್ಟಿಗೆ

ಬೋರ್ಡು, ತಂತಿ ಎಲ್ಲ ಬೆಸುಗೆ ಹಾಕಿದ್ದಾಯಿತು. ಅದನ್ನೆಲ್ಲ ಕೂರಿಸಲು ಒಂದು ತಗಡಿನ ಪೆಟ್ಟಿಗೆ ಬೇಕಿತ್ತು. ಜಗಳೂರಿಗೆ ಮೈಕ್ ಸೆಟ್ ಒಯ್ದಿದ್ದಾಗ, ಅಲ್ಲಿ ಟ್ರಂಕು ಮಾಡುವ ಸಾಹೇಬರೊಬ್ಬರಿಗೆ ಅಳತೆ ಕೊಟ್ಟೆ.

"ಒಳಗೆ ಏನು ಇಡ್ತೀರಿ?"

"ಕಂಪ್ಯೂಟರ್."

"ಕಿಮ್ಮತ್ತಿಂದಾ?"

"ನನ್ನ ಮರ್ಯಾದೆ ಎಲ್ಲಾ ಅದ್ರಲ್ಲೇ ಐತೆ ಸಾಹೇಬ್ರೇ."

"ಹಂಗಾದ್ರೆ ಬೇಫಿಕರ್ ಇರ್ರಿ."

ಮುಂದಿನ ಸಲ ಹೋದಾಗ ಪೆಟ್ಟಿಗೆ ತಯಾರಿತ್ತು. ಮುಚ್ಚಳಕ್ಕೆ ಬೀಗದ ಕೊಂಡಿ, ಎರಡು ಬದಿಗೆ ಹಿಡಿಕೆ, ಹಸಿರು ಬಣ್ಣ. ಮೇಲೆ ಒಂದು ಗುಲಾಬಿ, ಅದರ ಆಚೆಗೊಂದು ಈಚೆಗೊಂದು ಗಿಳಿ.

"ಕೊಂಡಿ ಯಾಕ್ರೀ?"

"ಮರ್ಯಾದೆ ಇಡ್ತೀನಿ ಅಂದ್ರಲ್ಲ, ಬೀಗ ಹಾಕದೆ ಹೆಂಗೆ ಇಡಾಕಾಗುತ್ತೆ?"

"ಗಿಳಿ?"

ಅವರಿಗೆ ನಿಜವಾಗಿಯೂ ನೋವಾಯಿತು. "ಗಿಳಿ ಇಲ್ದಿದ್ರೆ ಅದನ್ನ ನನ್ನ ಪೆಟ್ಟಿಗೆ ಅಂತ ಯಾರು ನಂಬ್ತಾರ್ರೀ?"

ಪೆಟ್ಟಿಗೆ ಹೊತ್ತುಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಪೆಟ್ಟಿಗೆಯನ್ನು ಪ್ರೀತಿಯಿಂದ ಸವರಿ ಕೇಳಿದಳು. "ತಂಗಿ ಮದುವೇನಾ ಅಣ್ಣಾ? ಯಾವೂರಿಗೆ ಕೊಟ್ರಿ?"

"ಹೊನ್ನಾಳಿ ಕಡೇದು ಒಂದು ಟಿ.ವಿ.ಗೆ," ಅಂದೆ. ಆಕೆ ಎದ್ದು ಹಿಂದಿನ ಸೀಟಿಗೆ ಹೋದಳು.

ಮೊಸರು

ಪೆಟ್ಟಿಗೆಯೊಳಗೆ ಎಲ್ಲವನ್ನೂ ಕೂರಿಸಿ ಕರೆಂಟು ಕೊಟ್ಟೆ. ಟಿ.ವಿ.ಯಲ್ಲಿ ಏನೂ ಬರಲಿಲ್ಲ. ಪೆಟ್ಟಿಗೆ ಮಾತ್ರ ಬೆಚ್ಚಗಾಯಿತು. ವಾರಗಟ್ಟಲೆ ಹೀಗೇ. ನಾನು ತಪ್ಪು ಹುಡುಕುವುದು, ಅದು ಬೆಚ್ಚಗಾಗುವುದು. ಚಳಿಗಾಲ ಬೇರೆ. ಒಂದು ಬೆಳಿಗ್ಗೆ ನೋಡಿದರೆ ಎರಡು ಗಿಳಿಗಳ ನಡುವೆ, ಗುಲಾಬಿಯ ಮೇಲೆ ಸರಿಯಾಗಿ, ಒಂದು ಪಾತ್ರೆ ಕೂತಿದೆ. ನನ್ನ ತಾಯಿ ಹಾಲಿಗೆ ಹೆಪ್ಪು ಹಾಕಿಟ್ಟಿದ್ದಾಳೆ.

ನಾನು ಕೂಗಾಡಿದೆ. ಆಕೆ ಮುಚ್ಚಳ ತೆಗೆದು ಗಟ್ಟಿ ಮೊಸರು ತೋರಿಸಿ ತಣ್ಣಗೆ ಹೇಳಿದಳು. "ನಿನ್ನ ಟಿ.ವಿ.ಯಾಗೆ ಏನೂ ಬರ್ಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡಪ್ಪಾ. ಮೊಸರು ಚೆಂದಾಗಿ ಬರ್ತಾ ಐತೆ."

ಲೋಡು

ಕೊನೆಗೂ ತಪ್ಪು ಸಿಕ್ಕಿತು. ಟಿ.ವಿ.ಯಲ್ಲಿ ಅಕ್ಷರ ಮೂಡಿತು. ಇನ್ನು ಆಟ. ಪತ್ರಿಕೆಯಲ್ಲಿ ಅಚ್ಚಾಗಿದ್ದ ಆಟದ ಸಾಲುಗಳನ್ನು ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದೆ. ಮೇಲಿಂದ ಒಂದು ಚುಕ್ಕೆ ಬೀಳುತ್ತದೆ, ಅದು ಚೆಂಡು. ಕೆಳಗಿನ ಗೆರೆ ಸರಿಸಿ ಅದನ್ನು ಹಿಡಿಯಬೇಕು. ಹಿಡಿದರೆ ಮತ್ತೆ ಬೀಳುತ್ತದೆ, ತಪ್ಪಿದರೆ ಸೋತಂತೆ. ಎಲ್ಲ ಚೆಂಡು ಹಿಡಿದವನಿಗೆ 'ಶಹಭಾಷ್' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರುವ ಹಾಗೆ ಕೊನೆಯ ಸಾಲು ನನ್ನದೇ ಸೇರಿಸಿ, ಮರೆಯದ ಹಾಗೆ ಪತ್ರಿಕೆಯ ಅಂಚಿನಲ್ಲೂ ಬರೆದಿಟ್ಟೆ.

ಆದರೆ ಕರೆಂಟು ಹೋದರೆ ಆಟವೂ ಹೋಗುತ್ತಿತ್ತು. ಅದಕ್ಕೇ ಅದನ್ನು ಕ್ಯಾಸೆಟ್ಟಿಗೆ ತುಂಬಿಡಬೇಕು, ಬೇಕಾದಾಗ ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಇಳಿಸಬೇಕು. ಇದಕ್ಕೆ ಲೋಡ್ ಅನ್ನುತ್ತಾರೆ. ಆ ಕ್ಯಾಸೆಟ್ಟನ್ನು ಸುಮ್ಮನೆ ಕೇಳಿದರೆ ಕೀಂ ಕೀಂ ಕರ್ರ್ ಅಂತ, ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಕೂಗು. ಎಷ್ಟೋ ಸಲ ಕೈಕೊಟ್ಟ ಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಸರಿಯಾಗಿ ಇಳಿಯಿತು. ನಾನು ಕುರ್ಚಿ ಬಿಟ್ಟು ಹಾರಿ ಕೂಗಿದೆ.

"ಲೋಡ್ ಬಂತು! ಲೋಡ್ ಬಂತು!"

ಪಕ್ಕದಲ್ಲೇ ಅಡಿಕೆ ಮಂಡಿ. ಹೊರಗೆ ಮೂಟೆ ಮೇಲೆ ಮಲಗಿದ್ದ ಇಬ್ಬರು ಹಮಾಲರು ಎದ್ದು, ತಲೆಗೆ ಸಿಂಬಿ ಇಟ್ಟುಕೊಂಡು, ಕೊಕ್ಕೆ ಹಿಡಿದು ಓಡಿ ಬಂದರು.

"ಎಲ್ಲೈತ್ರೀ ಲೋಡು? ಲಾರಿ ಯಾವ ಕಡೆ ನಿಂತೈತೆ?"

ನಾನು ಖುಷಿಯಲ್ಲಿ ಟಿ.ವಿ. ಕಡೆ ಕೈ ತೋರಿಸಿದೆ. ಅಲ್ಲಿ ಒಂದು ಚುಕ್ಕೆ ಮೇಲಿಂದ ಕೆಳಕ್ಕೆ ಇಳಿಯುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು. ಅದು ತಾನಾಗಿ ಕೆಳಗೆ ಬಂದು ಮುಟ್ಟಿತು. ಹಿರಿಯವನು ಸಿಂಬಿ ತೆಗೆದ.

"ಇದನ್ನ ಇಳಿಸಾಕೆ ಇಬ್ಬರು ಬೇಕಿತ್ತೇನ್ರಿ?"

ನ್ಯಾಮತಿಯ ವಾಲಗ

ಮದುವೆ ಬಂತು. ಮೈಕ್ ಸೆಟ್ ನನ್ನದೇ. ಯಜಮಾನಿಕೆ ಮಾವನವರದು. ರೇಷ್ಮೆ ರುಮಾಲು ಸುತ್ತಿ ಚಪ್ಪರದ ತುಂಬಾ ಓಡಾಡುತ್ತಿದ್ದರು. ಮುಹೂರ್ತ ಹತ್ತಿರವಾದರೂ ವಾಲಗದವರ ಸುಳಿವಿಲ್ಲ, ಅವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ ಅಂತ ಸುದ್ದಿ ಬಂತು. ಮಾವ ಬೆವೆತು ಹೋದರು.

"ಗಾಬರಿ ಆಗಬೇಡ್ರಿ ಮಾವ," ಅಂದೆ. ನನ್ನ ಚೀಲದಲ್ಲಿ ವಾಲಗದ ಕ್ಯಾಸೆಟ್ ಸದಾ ಇರುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ 'ವಾಲಗ' ಅಂತ ಬರೆದಿದ್ದೇನೆ. ನನ್ನ ತಾಯಿ ಹಿಂದಿನ ದಿನ ಮನೆ ಒಪ್ಪ ಮಾಡುವಾಗ, ಹೊರಗೆ ಬಿದ್ದಿದ್ದ ಕ್ಯಾಸೆಟ್ಟುಗಳನ್ನು ಕೈಗೆ ಸಿಕ್ಕ ಡಬ್ಬಿಗಳಿಗೆ ತುಂಬಿದ್ದು ಮಾತ್ರ ನನಗೆ ಗೊತ್ತಿರಲಿಲ್ಲ.

ಪುರೋಹಿತರು ಕೈ ಎತ್ತಿ "ಊದ್ರಿ!" ಅಂದರು. ನಾನು ಗುಂಡಿ ಒತ್ತಿದೆ. ನಾಲ್ಕು ದಿಕ್ಕಿಗೆ ಕಟ್ಟಿದ ನಾಲ್ಕು ಹಾರ್ನಿನಲ್ಲೂ ಒಮ್ಮೆಲೇ, ಕೀಂ ಕೀಂ ಕರ್ರ್ರ್ರ್!

ಮದುಮಗ ತಾಳಿ ಹಿಡಿದುಕೊಂಡೇ ಎದ್ದು ನಿಂತ. ಚಪ್ಪರದ ಹೊರಗೆ ಕಟ್ಟಿದ್ದ ಎತ್ತು ಹಗ್ಗ ಹರಿದು ಓಡಿತು. ಅಡುಗೆಯವರು ಒಲೆ ಬಿಟ್ಟು ಬಂದರು. ನಾನು ದಿಕ್ಕೆಟ್ಟು ಟೇಪಿಗೆ ಕೈ ಚಾಚುವಷ್ಟರಲ್ಲಿ ಮಾವನೇ ಅದರ ಮೇಲೆ ಬಿದ್ದು ಕೆಂಪು ಗುಂಡಿ ಅದುಮಿದರು. ಅವರಿಗೆ ಗೊತ್ತಿದ್ದ ಯಂತ್ರ ಅಂದರೆ ತೋಟದ ಪಂಪ್‌ಸೆಟ್ಟು, ಅದರಲ್ಲಿ ಹಸಿರು ಒತ್ತಿದರೆ ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಇಲ್ಲಿಯೂ ಸದ್ದು ನಿಂತಿತು. ಮೈಕು ಕಸಿದುಕೊಂಡು ಸಾರಿದರು.

"ಯಾರೂ ಹೆದರಬೇಡ್ರಿ! ಇದು ನಮ್ಮ ರಿಪೇರಿ ಅಳಿಯನ ಕೆಲಸ! ತಾಳಿ ಕಟ್ಟಪ್ಪಾ ನೀನು! ಎಲ್ಲಾ ಊಟ ಮಾಡ್ಕೊಂಡೇ ಹೋಗಬೇಕ್ರೀ!"

ಬಾಯಿಮಾತಿನ ಗಟ್ಟಿಮೇಳದಲ್ಲಿ ಮದುಮಗಳ ಕೊರಳಿಗೆ ತಾಳಿ ಬಿತ್ತು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತ್ತು. ಆಗ ಕಿವಿ ಮಂದವಾದ ಮುದುಕಿಯೊಬ್ಬಳು ನನ್ನ ಹತ್ತಿರ ಬಂದು ತಲೆ ನೇವರಿಸಿದಳು.

"ವಾಲಗ ಭಾರಿ ಚೆಂದಿತ್ತಪ್ಪಾ. ಇವತ್ತೇ ನೋಡು ನನಗೆ ಕೇಳಿಸಿದ್ದು."

ಗೋಟು

ಮಾವ ಮಾತಿಗೆ ತಪ್ಪುವವರಲ್ಲ. ಆ ಸಿಟ್ಟಿನಲ್ಲೇ ಸಂಜೆ ನಮ್ಮ ಜೊತೆ ಚನ್ನಗಿರಿಗೆ ಬಂದರು. "ಮದುವೆ ಕೆಡಿಸಿದ ಆಟ ಹೆಂಗಿರುತ್ತೋ ನೋಡೇ ಬಿಡ್ತೀನಿ." ನಾನು ಗಿಳಿ ಪೆಟ್ಟಿಗೆಗೆ ಕೈ ಮುಗಿದು ಕ್ಯಾಸೆಟ್ ಹಾಕಿದೆ. ಕೀಂ ಕೀಂ ಅಂತ ಸರಿಯಾಗಿಯೇ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದರ ನಡುವಿನಿಂದ ಗಟ್ಟಿ ದನಿ ಎದ್ದಿತು.

"ಯಾರೂ ಹೆದರಬೇಡ್ರಿ! ಇದು ನಮ್ಮ ರಿಪೇರಿ ಅಳಿಯನ ಕೆಲಸ!"

ಟೇಪ್ ರೆಕಾರ್ಡರಿನ ಕೆಂಪು ಗುಂಡಿ ನಿಲ್ಲಿಸುವುದಲ್ಲ, ರೆಕಾರ್ಡ್ ಮಾಡುವುದು. ನನ್ನ ಆಟ ಅಳಿಸಿ ಅಲ್ಲಿ ಮಾವ ಕೂತಿದ್ದರು. ಅವರಿಗೂ ಅರ್ಥವಾಯಿತು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರು ಹಾಗೆ ಮುಖ ಸಣ್ಣದು ಮಾಡಿದ್ದನ್ನು ನಾನು ಕಂಡಿರಲಿಲ್ಲ, ಪಾಪ ಅನ್ನಿಸಿತು. "ಬಿಡ್ರಿ ಮಾವ," ಅಂದೆ.

ಮರುದಿನ ನಾನು ಹಾರ್ನು ಬಿಚ್ಚಿ ತರಲು ನ್ಯಾಮತಿಗೆ ಹೋದೆ. ಸಂಜೆ ಬಂದರೆ ಅಪ್ಪ ಮಗಳು ಕಂಪ್ಯೂಟರಿನ ಮುಂದೆ ಜಂಬದಿಂದ ಕೂತಿದ್ದಾರೆ. ನನ್ನ ಹೆಂಡತಿ ಮದುವೆಗೆ ಮುಂಚೆ ಟೈಪಿಂಗ್ ಪರೀಕ್ಷೆ ಪಾಸು ಮಾಡಿದವಳು. ಮಾವ ಪತ್ರಿಕೆ ಹಿಡಿದು ಅಕ್ಷರ ಹೇಳಿದ್ದಾರೆ, ಇವಳು ಒತ್ತಿದ್ದಾಳೆ. ಇಡೀ ಆಟವನ್ನು ಮತ್ತೆ ತುಂಬಿಸಿದ್ದಾರೆ!

"ಎಲ್ಲಾ ಸಾಲು ಹಾಕಿದ್ರಾ ಮಾವ?"

"ಒಳ್ಳೇದೆಲ್ಲ ಹಾಕ್ಸೀನಿ. ಗೋಟು ಮಾತ್ರ ಆರಿಸಿ ತೆಗೆದೀನಿ."

"ಏನು ತೆಗೆದ್ರಿ?"

"ಗೋಟು ಕಣ್ರೀ! ಜಿ ಓ ಟಿ ಓ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ಗೋಟು. ಇಷ್ಟು ಕಲಬೆರಕೆ ಮಾಲು ಇಟ್ಕೊಂಡ್ರೆ ಯಾವ ಯಂತ್ರ ತಾನೇ ಓಡುತ್ತೆ?"

ಅಡಿಕೆ ವ್ಯಾಪಾರದಲ್ಲಿ ಗೋಟು ಅಂದರೆ ಮರದಲ್ಲೇ ಹಣ್ಣಾಗಿ ಬಿದ್ದ ಅಡಿಕೆ. ಒಳ್ಳೆಯ ಮಾಲಿನಲ್ಲಿ ಸೇರಿದರೆ ದರ ಬೀಳುತ್ತದೆ, ಆರಿಸಿ ತೆಗೆಯುತ್ತಾರೆ. ಕಂಪ್ಯೂಟರಿನಲ್ಲಿ 'ಗೋ ಟು' ಅಂದರೆ 'ಇಂಥ ಸಾಲಿಗೆ ಹೋಗು' ಅಂತ ಅಪ್ಪಣೆ. ಮತ್ತೆ ಚೆಂಡು ಬೀಳಿಸುವುದೂ ಅದೇ, ಸೋತವನನ್ನು ಸೋತೆ ಅನ್ನುವ ಸಾಲಿಗೆ ಕಳಿಸುವುದೂ ಅದೇ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಗುಂಡಿ ಒತ್ತಿಬಿಟ್ಟರು.

ಮೇಲಿಂದ ಚೆಂಡು ಬಿತ್ತು. ಮಾವ ಗೆರೆಯನ್ನು ಎಡಕ್ಕೆ ಓಡಿಸಿದರು, ಚೆಂಡು ಬಲಕ್ಕೆ ಬಿತ್ತು. ಹಿಂದಕ್ಕೆ ಕಳಿಸಲು ಗೋಟು ಇಲ್ಲ, ಸೋಲಿಸಲು ಗೋಟು ಇಲ್ಲ. ಆಟ ನೇರವಾಗಿ ಕೊನೆಯ ಸಾಲಿಗೆ ಇಳಿದು ಟಿ.ವಿ. ತುಂಬಾ 'ಶಹಭಾಷ್' ಅಂತ ಬರೆಯಿತು.

"ಗೆದ್ದೆ!" ಮಾವ ಕುರ್ಚಿಯಿಂದ ಎದ್ದರು. ಆಮೇಲೆ ನನ್ನ ತಾಯಿ ಆಡಿದಳು, ಗೆದ್ದಳು. ಎದುರುಮನೆಯ ಅಜ್ಜಿ ಕೈಕಟ್ಟಿ ಕೂತುಕೊಂಡೇ ಗೆದ್ದಳು. ಹಮಾಲರಿಬ್ಬರೂ ಗೆದ್ದರು. ನಾನು ಸರಿಮಾಡಲು ಕೈ ಹಾಕಿದರೆ ಹೆಂಡತಿ ಜಿಗುಟಿ ಹಿಂದಕ್ಕೆ ಎಳೆದಳು.

ಮಾವ ಟಿ.ವಿ.ಯನ್ನು ನಮಗೇ ಬಿಟ್ಟು ಹೊನ್ನಾಳಿಗೆ ಹೋದರು. ಮಾತು ಕೊಟ್ಟಂತೆ ಮಂಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಂಡ ಕಂಡಲ್ಲಿ ಡಂಗುರ ಹೊಡೆದರು.

"ಕಂಪ್ಯೂಟರ್ ಮಾಡಿದ್ದು ನಮ್ಮ ಅಳಿಯಾನೇ, ಸುಳ್ಳು ಹೇಳಬಾರ್ದು. ರಿಪೇರಿ ಮಾತ್ರ ನಾನೇ ಮಾಡಿದ್ದು."