ಫ್ರೆಂಚ್ ಸಾಹೇಬರ ಕೊಲೆ ಕೇಸು

ನಾಲ್ಕು ದೇಶದವರು ಒಂದೇ ಮೇಜಿಗೆ ಊಟಕ್ಕೆ ಕೂತರೆ ನಗು ತಾನಾಗಿ ಬರುತ್ತದೆ. ಅಬುಧಾಬಿಯ ಖಾಲಿದಿಯಾದ ಒಂದು ಹೋಟೆಲಿನಲ್ಲಿ ನಾನು ರಿಸೆಪ್ಶನ್‌ನಲ್ಲಿದ್ದಾಗ ನಮ್ಮ ಸೆಕ್ಯುರಿಟಿ ಮುಖ್ಯಸ್ಥರು ಒಬ್ಬ ಫ್ರೆಂಚ್ ಸಾಹೇಬರು. ಮೊದಲು ತಮ್ಮ ದೇಶದ ಯಾವುದೋ ಸಣ್ಣ ಊರಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದವರು. ಇಡೀ ಸರ್ವಿಸಿನಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಕೊಲೆ. ಅದನ್ನು ಕ್ಯಾಂಟೀನಿನಲ್ಲಿ ಕಂತು ಕಂತಾಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಉಡುಪಿ ಕಡೆಯ ನಮ್ಮ ಅಡುಗೆ ಭಟ್ರಿಗೆ ನಾನು ಕನ್ನಡ ಮಾಡಿ ಹೇಳುತ್ತಿದ್ದೆ.

೧. ಊರು ಬಿಡಬಾರದು

ಜೇನು ಸಾಕುತ್ತಿದ್ದ ಮುದುಕನೊಬ್ಬ ತನ್ನ ಜೇನುಪೆಟ್ಟಿಗೆಗಳ ನಡುವೆ ತಲೆ ಒಡೆದು ಸತ್ತು ಬಿದ್ದಿದ್ದ. ಸಾಹೇಬರು ಊರ ಮಧ್ಯೆ ನಿಂತು, "ತನಿಖೆ ಮುಗಿಯುವವರೆಗೆ ಯಾರೂ ಊರು ಬಿಡಬಾರದು" ಎಂದರು.

ಒಬ್ಬ ಹೆಂಗಸು ಕೈ ಎತ್ತಿದಳಂತೆ. "ಸಾರ್, ನನ್ನ ಅತ್ತೆ ಇವತ್ತು ಹೊರಡಬೇಕು. ಅವರೊಬ್ಬರನ್ನು ಬಿಟ್ಟುಬಿಡಿ. ಬೇಕಾದರೆ ಅವರ ಬದಲು ನಾನು ಲಾಕಪ್ಪಿನಲ್ಲಿ ಕೂರುತ್ತೇನೆ."

೨. ಏನೂ ನೋಡದ ಅಜ್ಜಿ

ಸತ್ತವನ ಪಕ್ಕದ ಮನೆಯ ಅಜ್ಜಿಯನ್ನು ಸಾಹೇಬರು ಕೇಳಿದರು. "ನಾನು ಏನೂ ನೋಡಲಿಲ್ಲ" ಎಂದಳು ಅಜ್ಜಿ.

"ಏನೂ ಇಲ್ಲವಾ?"

"ಏನೂ ಇಲ್ಲ. ಓಡಿಹೋದ ಬಿಳಿ ಕೋಟಿನವನೂ ನನ್ನನ್ನು ನೋಡಲಿಲ್ಲ."

ಅಜ್ಜಿಗೆ ಅವನ ಮುಖ ಕಂಡಿರಲಿಲ್ಲ. ಸಾಹೇಬರು ಊರಲ್ಲಿ ಬಿಳಿ ಕೋಟು ಹಾಕುವ ಡಾಕ್ಟರು, ಮೆಡಿಕಲ್ ಅಂಗಡಿಯವನು, ಬೇಕರಿಯವನು ಎಲ್ಲರನ್ನೂ ಠಾಣೆಯ ಬೆಂಚಿಗೆ ತಂದು ಕೂರಿಸಿದರು. ಮಧ್ಯಾಹ್ನದೊಳಗೆ ಊರಲ್ಲಿ ಬ್ರೆಡ್ಡೂ ಇಲ್ಲ, ಮದ್ದೂ ಇಲ್ಲ.

ಭಟ್ರು ತಮ್ಮ ಬಿಳಿ ಕೋಟು ನೋಡಿಕೊಂಡರು. "ಅಡುಗೆಯವರನ್ನು ಬಿಟ್ಟರೋ ಅಂತ ಕೇಳಿ ಮಾರಾಯ್ರೆ."

ಕೇಳಿದೆ. "ಮೊದಲು ಹಿಡಿದದ್ದೇ ಅವನನ್ನು" ಎಂದರು ಸಾಹೇಬರು. "ಬೆಂಚಿನ ಮೇಲೆ ಅಷ್ಟು ಜನ ಇದ್ದರಲ್ಲ, ಅವರಿಗೆಲ್ಲ ಊಟ ಆಗಬೇಡವೇ?"

೩. ಅರ್ಧ ಗಡ್ಡ

ಆ ಹೊತ್ತಿಗೆ ಕ್ಷೌರದವನು ಠಾಣೆಗೆ ಬಂದ, ಬೇಕರಿಯವನನ್ನು ಬಿಡಿ ಎಂದು ಕೇಳಲು. ಅವನದೂ ಬಿಳಿ ಕೋಟು, ಸಾಹೇಬರಿಗೆ ಅದು ಹೊಳೆದೇ ಇರಲಿಲ್ಲ. ಕುತ್ತಿಗೆ ಊದಿತ್ತು. ಸೊಳ್ಳೆ ಕಚ್ಚಿದ್ದು ಎಂದ. ಅವನು ಅಂಗಡಿಗೆ ಹೋದ ಮೇಲೆ ಬೆಂಚಿನಲ್ಲಿದ್ದ ಡಾಕ್ಟರು ಮೆಲ್ಲಗೆ, "ಅದು ಸೊಳ್ಳೆಯಲ್ಲ, ಜೇನು" ಎಂದರು.

ಸಾಹೇಬರು ಹಿಂದೆಯೇ ಹೋದರು. ಕುರ್ಚಿಯಲ್ಲಿ ಊರಿನ ಮೇಯರ್. ಒಂದು ಕೆನ್ನೆ ಆಗಿತ್ತು, ಇನ್ನೊಂದು ಕೆನ್ನೆಯಲ್ಲಿ ಸೋಪಿನ ನೊರೆ. ಸಾಹೇಬರು ಕೇಳಿದ್ದು ಒಂದೇ ಮಾತು, "ಯಾಕೆ?" ಕ್ಷೌರದವನು ಅತ್ತುಬಿಟ್ಟ. ಮುದುಕನ ಜೇನುಹುಳುಗಳು ಅಂಗಡಿಗೆ ನುಗ್ಗಿ ಗಿರಾಕಿಗಳು ಓಡುತ್ತಿದ್ದರಂತೆ. ಜಗಳಕ್ಕೆ ಹೋದ, ತಳ್ಳಿದ, ಮುದುಕನ ತಲೆ ಕಲ್ಲಿಗೆ ಬಡಿಯಿತು.

ಇಲ್ಲಿಗೆ ಬಂದಾಗಲೆಲ್ಲ ಸಾಹೇಬರು ಊಟ ನಿಲ್ಲಿಸುತ್ತಿದ್ದರು. "ಸತ್ತವನು, ಕ್ಷೌರದವನು, ಇಬ್ಬರೂ ನನಗೆ ಬೇಕಾದವರೇ" ಎಂದು ನೀರು ಕುಡಿಯುತ್ತಿದ್ದರು.

ಆಮೇಲೆ ಅವರೇ ಮುಂದುವರಿಸುತ್ತಿದ್ದರು. ಮೇಯರ್ ಹೇಳಿದನಂತೆ, "ಇದೊಂದು ಕೆನ್ನೆ ಮುಗಿಸಿಕೊಡಲಿ, ಆಮೇಲೆ ಕರಕೊಂಡು ಹೋಗಿ."

ಕೊಲೆ ಆರೋಪಿಯ ಕೈಗೆ ಕತ್ತಿ ಕೊಡುವುದು ಹೇಗೆ? ಸಾಹೇಬರು ತಾವೇ ಕೋಟು ಬಿಚ್ಚಿಟ್ಟು, ಕತ್ತಿ ಹಿಡಿದು ಶುರು ಮಾಡಿದರು. ಎರಡು ಸಲ ಎಳೆಯುವಷ್ಟರಲ್ಲಿ ಮೇಯರ್ ರಕ್ತ ಸೋರುವ ಕೆನ್ನೆಯಲ್ಲೇ ಎದ್ದು ಕೈ ಮುಗಿದನಂತೆ.

"ಸಾಹೇಬರೇ, ದಯವಿಟ್ಟು ಆ ಕೊಲೆಗಾರನನ್ನೇ ಕರೆಯಿರಿ."