ಬಾವಿಯಲ್ಲಿ ಈಜಿದ ಫ್ಲೆಕ್ಸ್ ಮೀನುಗಳು

ಸಂತೋಷ ಹೆಚ್ಚಾದಾಗ ಕೆಲವರಿಗೆ ಹಸಿವು ಹೋಗುತ್ತದೆ, ಕೆಲವರಿಗೆ ನಿದ್ದೆ ಹೋಗುತ್ತದೆ. ನನಗೆ ಇದ್ದಬದ್ದ ತಿಳಿವಳಿಕೆಯೇ ಹೋಗುತ್ತದೆ. ಮೂರನೇ ಇಯತ್ತೆಯವರೆಗೆ ಕಲಿತವಳು ನಾನು. ಕಳೆದುಕೊಳ್ಳಲು ಬಹಳವೇನೂ ಇರಲಿಲ್ಲ ಎನ್ನಿ. ಕಾರವಾರದ ಕಡೆ ಓದುತ್ತಿರುವ ಮೊಮ್ಮಗಳು ಅಕ್ಷತಾ ಒಂದು ದಿನ ಫೋನ್ ಮಾಡಿ, "ಆಯಿ, ಸಮುದ್ರದಾಗಿನ ನಡುಗಡ್ಡಿ ಸುತ್ತ ಮೀನ ಎಣಿಸೂ ಕೆಲಸಕ್ಕ ನನ್ನ ಕರದಾರ" ಎಂದಳು. ನಾನು ಮುಂದೆ ಒಂದು ಮಾತೂ ಕೇಳದೆ ಐನಾಪುರದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟೆ. ಸಕ್ಕರೆ ಬಾಯಿಗೆ ಹಾಕಿಕೊಂಡವರು ಸುಮ್ಮನಿರುತ್ತಾರೆಯೇ? ಯಾವ ಕೆಲಸ, ಎಂಥ ಕೆಲಸ ಎಂದು ಕೇಳತೊಡಗಿದರು. ಅದು ನನಗೂ ಗೊತ್ತಿಲ್ಲ ಎನ್ನುವುದು ನನಗೆ ಹೊಳೆದದ್ದೇ ಆಗ.

ಎಲ್ಲರಿಗಿಂತ ಹೆಚ್ಚು ಕೇಳಿದವಳು ಎದುರು ಮನೆಯ ಕಾಶೀಬಾಯಿ. ಆಕೆ ಮಿರಜದ ಕಡೆಯವಳು. ಆಶ್ಚರ್ಯವನ್ನು ಮರಾಠಿಯಲ್ಲಿ ಪಡುತ್ತಾಳೆ, ಜಗಳವನ್ನು ಕನ್ನಡದಲ್ಲಿ ಆಡುತ್ತಾಳೆ. "ಅಗ ಬಾಈ! ಎಣಿಸಿದ ಮ್ಯಾಲ ಮೀನ ಹಿಡಕೊಂಡ ಬರ್ತಾಳೋ, ಬಿಟ್ಟ ಬರ್ತಾಳೋ?" ಎಂದಳು. ಬಿಟ್ಟು ಬರುತ್ತಾಳೆ ಎಂದೆ. "ಮತ್ತ ಬಿಡೂದಕ್ಕ ಯಾಕ ಎಣಿಸಬೇಕ್ರಿ?" ಎಂದಳು. ನಮ್ಮ ಮನೆಯಲ್ಲಿ ಮೀನು ತಿನ್ನುವವರೇ ಇಲ್ಲ. ನನಗೆ ಗೊತ್ತಿರುವ ಮೀನೆಂದರೆ, ತೋಟದ ಬಾವಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಹಿಮ್ಮಡಿಗೆ ಕಚಗುಳಿ ಇಡುವ ಸಣ್ಣ ಸಣ್ಣವು. ಅವನ್ನು ಎಣಿಸಬೇಕೆಂದು ನಲವತ್ತು ವರ್ಷದಲ್ಲಿ ಒಂದು ದಿನವೂ ನನಗೆ ಅನ್ನಿಸಿಲ್ಲ.

ಅಕ್ಷತಾ ಒಂದು ವಾರ ಊರಿಗೆ ಬಂದಾಗ ಕುಳ್ಳಿರಿಸಿಕೊಂಡು ಕೇಳಿದೆ. ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುವವರು ಬೆನ್ನಿಗೆ ಪಂಪು ಕಟ್ಟಿಕೊಳ್ಳುವ ಹಾಗೆ ಇವರು ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಳ್ಳುತ್ತಾರಂತೆ. ಇಬ್ಬಿಬ್ಬರಾಗಿ ನೀರಿನ ತಳಕ್ಕೆ ಇಳಿದು, ಬಂಡೆಗಳ ಮೇಲೆ ಉದ್ದಕ್ಕೆ ಟೇಪು ಹಾಸಿ, ಅದರ ಎರಡೂ ಮಗ್ಗುಲಿಗೆ ಕಂಡ ಮೀನನ್ನು ಮಾತ್ರ ಜಾತಿ ನೋಡಿ, ಉದ್ದ ಅಂದಾಜು ಮಾಡಿ, ನೀರಿನಲ್ಲೂ ಬರೆಯಬಹುದಾದ ಪಾಟಿಯ ಮೇಲೆ ಬರೆಯುತ್ತಾರಂತೆ. ಇಷ್ಟು ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು. ನಾವೂ ಒಂದು ಸಾಲಿನ ದ್ರಾಕ್ಷಿ ಗೊಂಚಲು ಎಣಿಸಿ ಇಡೀ ತೋಟದ ಅಂದಾಜು ಹೇಳುತ್ತೇವಲ್ಲ! ಆದರೆ ನಮ್ಮ ಗೊಂಚಲು ಒಂದು ಬಳ್ಳಿಯಿಂದ ಇನ್ನೊಂದು ಬಳ್ಳಿಗೆ ಓಡುವುದಿಲ್ಲ. "ಎಣಿಸಿದ್ದ ಮೀನ ತಿರುಗಿ ಬಂದ್ರ?" ಎಂದೆ. "ಹಿಂದಿಂದ ಬಂದದ್ದು ಲೆಕ್ಕಕ್ಕಿಲ್ಲ ಆಯಿ" ಎಂದಳು. "ಅದು ಹಿಂದಿಂದ ಬಂದದ್ದು ಅಂತ ನಿನಗ ಹೆಂಗ ತಿಳೀತು? ನಿನ್ನ ಹಿಂದ ಕಣ್ಣ ಅದಾವೇನ?" ಎಂದೆ. ಅವಳು ನಕ್ಕಳು. ನಾನೂ ನಕ್ಕೆ. ತಿಳಿಯದಿದ್ದಾಗ ನಗುವುದು ನನ್ನ ಹಳೆಯ ರೂಢಿ.

ಆದರೆ ಅವಳು ಊರಿಗೆ ಬಂದದ್ದು ನಗಲಿಕ್ಕಲ್ಲ. ಮುಂದಿನ ವಾರ ಅವಳಿಗೊಂದು ಪರೀಕ್ಷೆ. ನೀರಿನೊಳಗೆ ಹಗ್ಗಕ್ಕೆ ಸುಳ್ಳು ಮೀನು ಕಟ್ಟಿರುತ್ತಾರೆ. ಅವುಗಳ ಉದ್ದ ಎಷ್ಟು ಸೆಂಟಿಮೀಟರ್ ಎಂದು ಕಣ್ಣಳತೆಯಲ್ಲೇ ಹೇಳಬೇಕು. ಪಾಸಾದರೆ ನಡುಗಡ್ಡೆಯ ಬುಡದಲ್ಲಿ ಮುಳುಗುವ ಕೆಲಸ. ನಪಾಸಾದರೆ ದೋಣಿಯಲ್ಲೇ ಕುಳಿತು, ಮುಳುಗಿ ಎದ್ದವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ. ಅದಕ್ಕೇ ನಮ್ಮ ಬಾವಿಯಲ್ಲಿ ರೂಢಿ ಮಾಡಿಕೊಳ್ಳಲು ಬಂದಿದ್ದಳು. ಸುಳ್ಳು ಮೀನು ಬೇಕಲ್ಲ? ಕೊಟ್ಟಿಗೆಯ ಮೇಲೆ ಹೊದಿಸಿದ್ದ, ಯಾರದೋ ಹುಟ್ಟುಹಬ್ಬದ ಹಳೆಯ ಫ್ಲೆಕ್ಸ್ ತೆಗೆದೆವು. ಅದರ ಹಿಂಬದಿಗೆ ಅವಳು ಅಳತೆಪಟ್ಟಿ ಹಿಡಿದು ಹನ್ನೆರಡು ಮೀನು ಬರೆದಳು. ಸಣ್ಣದು ಹತ್ತು ಸೆಂಟಿಮೀಟರ್, ದೊಡ್ಡದು ನಲವತ್ತು. ಕತ್ತರಿಸಿ, ಎರಡು ಪದರು ಮಾಡಿ, ನಡುವೆ ಬಿದಿರಿನ ಕಡ್ಡಿ ಇಟ್ಟು ಹೊಲಿಯುವುದು ನನ್ನ ಪಾಲಿಗೆ ಬಂತು. ಐವತ್ತು ವರ್ಷ ಹಳೆಯ ಅರಿವೆಗಳ ಕೌದಿ ಹೊಲಿದ ಕೈ. ಮಧ್ಯಾಹ್ನದೊಳಗೆ ಹನ್ನೆರಡೂ ತಯಾರು. ಒಂದೊಂದು ಅಳತೆಗೆ ಒಂದೊಂದು ಬಣ್ಣದ ದಾರ ಕಟ್ಟಿ, ಅಳತೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೆ; ಬಾಯಿಪಾಠ ಆಗದಂತೆ ದಾರಗಳನ್ನು ದಿನಾ ಅದಲುಬದಲು ಮಾಡುವುದೆಂದು ಮಾತಾಯಿತು. ಒಂದು ಮೀನಿನ ಹೊಟ್ಟೆಯ ಮೇಲೆ ಅರ್ಧ ಮೀಸೆ ಬಂದಿತ್ತು, ಇನ್ನೊಂದರ ಬಾಲದ ಮೇಲೆ ಯಾರೋ ಕೈ ಮುಗಿಯುತ್ತಿದ್ದರು. ಅಷ್ಟು ಬಿಟ್ಟರೆ ಸಾಕ್ಷಾತ್ ಮೀನುಗಳೇ.

ಮರುದಿನ ಮೀನುಗಳನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಟ್ಟೆವು. ಅಂದಿನಿಂದ ಅವಳಪ್ಪ ಬಾವಿಯ ಮೆಟ್ಟಿಲ ಮೇಲೆ ಕಾವಲು, ನಾನು ದಂಡೆಯ ಮೇಲೆ ಪರೀಕ್ಷಕಿ. ಅಕ್ಷತಾ ಗಾಜಿನ ಮುಖವಾಡ ಹಾಕಿಕೊಂಡು, ಉಸಿರು ಹಿಡಿದು ಮುಳುಗಿ, ಎದ್ದು ಕೂಗುವಳು: "ಕೆಂಪು ದಾರದ್ದು, ಇಪ್ಪತ್ನಾಕು!" ನಾನು ಅದನ್ನು ಚೀಟಿಯಲ್ಲಿ ಬರೆದು, ಅಳತೆ ನೋಡಿ, "ಇಪ್ಪತ್ತು" ಎನ್ನುವೆ. "ಹಸರಂದು ಮೂವತ್ನಾಕು!" "ಮೂವತ್ತು ಬೇ." ನೀರಿನಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದಂತೆ, ಕಂಡದ್ದನ್ನು ಮನಸ್ಸಿನಲ್ಲೇ ಇಳಿಸಿ ಹೇಳಬೇಕಂತೆ. ಅವಳು ಇಳಿಸಿಯೇ ಹೇಳುತ್ತಿದ್ದಳು, ಆದರೂ ತಪ್ಪುತ್ತಿತ್ತು. ಒಂದು ದಿನ, ಎರಡು ದಿನ, ಮೂರು ದಿನ. ನಾಲ್ಕನೆಯ ದಿನ ಮೇಲೆ ಬಂದವಳು ಮುಖವಾಡ ತೆಗೆದು ಪಕ್ಕಕ್ಕಿಟ್ಟಳು. "ನನ್ನ ಕಣ್ಣ ಈ ಕೆಲಸದ್ದಲ್ಲ ಆಯಿ. ಸರ್‌ಗ ಫೋನ್ ಮಾಡ್ತೇನಿ, ದೋಣ್ಯಾಗ ಕುಂಡರ್ತೇನಿ ಅಂತ." ಅಷ್ಟು ಹೊತ್ತು ನೀರಿನಲ್ಲಿದ್ದು ಕಣ್ಣು ಕೆಂಪಾಗಿದ್ದವೋ, ಅತ್ತು ಕೆಂಪಾಗಿದ್ದವೋ ನನಗೆ ತಿಳಿಯಲಿಲ್ಲ. ಅವಳ ಕೈಯಿಂದ ಫೋನ್ ಕಸಿದು ಸೆರಗಿನಲ್ಲಿ ಕಟ್ಟಿಕೊಂಡೆ. ಅದರಿಂದ ಏನು ಉಪಯೋಗ ಎಂದು ಕೇಳಬೇಡಿ. ಸಕ್ಕರೆ ಹಂಚಿದವಳ ಗಾಬರಿ ನನಗೇ ಗೊತ್ತು.

ಬುತ್ತಿ ತಂದಿದ್ದ ನನ್ನ ಸೊಸೆ ಶಾರದಾ, ಅಕ್ಷತಾಳ ತಾಯಿ, ಚೀಟಿಯನ್ನು ಎತ್ತಿ ನೋಡಿದಳು. ಅವಳು ಮಾತು ಕಡಿಮೆ ಆಡುವವಳು. ಅದಕ್ಕೇ ನನಗೆ ಅವಳೆಂದರೆ ಒಳಗೊಳಗೇ ಅಂಜಿಕೆ.

"ಸಣ್ಣದಕ್ಕೂ ನಾಕ ಹೆಚ್ಚ ಹೇಳ್ಯಾಳ, ದೊಡ್ಡದಕ್ಕೂ ನಾಕ ಹೆಚ್ಚ ಹೇಳ್ಯಾಳ. ತಪ್ಪ ಎಲ್ಲ ಕಡೆ ಹಿಂಗ ಒಂದ ನಮೂನಿ ಇರ್ತೈತೇನ್ರಿ ಅತ್ತಿ?" ಎನ್ನುತ್ತ ಹಗ್ಗ ಮೇಲಕ್ಕೆಳೆದು, ಪಟ್ಟಿ ತೆಗೆದುಕೊಂಡು ಕೆಂಪು ದಾರದ ಮೀನಿನ ಮೇಲೆ ಇಟ್ಟಳು. "ಇದು ಇಪ್ಪತ್ತಲ್ಲ. ಇಪ್ಪತ್ನಾಕೈತಿ."

"ನಾಕ ದಿನ ನೀರಾಗ ನೆನದೈತಿ, ಉಬ್ಬಿರಬೇಕು" ಎಂದೆ.

"ಉಬ್ಬಾಕ ಫ್ಲೆಕ್ಸ್ ಏನ ಕಡ್ಲಿ ಐತೇನ್ರಿ?"

ಮೀನಿನ ಅಂಚನ್ನು ಬೆರಳಿನಿಂದ ತೋರಿಸಿದಳು. ಹೊಲಿಗೆಯ ಹೊರಗೆ ಸುತ್ತಲೂ ಒಂದು ಬೆರಳಗಲ ಉಳಿದಿತ್ತು. ಕೌದಿಗೆ ಅರಿವೆ ಕತ್ತರಿಸುವಾಗ ಗೆರೆಯ ಹೊರಗೆ ಒಂದು ಬೆರಳು ಬಿಡಬೇಕು. ಹೊಲಿಯುವಾಗ ಅದು ಒಳಕ್ಕೆ ಮಡಚಿಕೊಂಡು ಹೋಗುತ್ತದೆ. ನನ್ನ ಕೈ ತನ್ನ ಪಾಡಿಗೆ ಹಾಗೇ ಕತ್ತರಿಸಿತ್ತು. ಆದರೆ ಫ್ಲೆಕ್ಸ್ ಮಡಚಿಕೊಳ್ಳುವುದಿಲ್ಲ, ಗೆರೆಗಳೆಲ್ಲ ಪದರಿನ ಒಳಗೆ ಮುಚ್ಚಿಹೋಗಿದ್ದವು. ಮೂತಿಯ ಕಡೆ ಒಂದು ಬೆರಳು, ಬಾಲದ ಕಡೆ ಒಂದು ಬೆರಳು. ಅಂದರೆ ಮೊದಲ ದಿನದಿಂದಲೂ ಹುಡುಗಿ ಸರಿಯಾಗಿಯೇ ಹೇಳುತ್ತಿದ್ದಳು; ಪ್ರತಿ ಸಲವೂ ತಪ್ಪು ತಪ್ಪು ಎಂದು ದಂಡೆಯ ಮೇಲಿಂದ ಕೂಗಿದವಳು ನಾನು.

ಹುಡುಗಿ ಬೈಯುತ್ತಾಳೆ ಎಂದುಕೊಂಡೆ. ಅಕ್ಷತಾ ಒದ್ದೆ ಮೈಯಲ್ಲೇ ಬಂದು ನನ್ನನ್ನು ಅಪ್ಪಿಕೊಂಡು, "ಆಯಿ, ಹಂಗಾದ್ರ ನನಗ ಬರ್ತೈತಿ! ನನಗ ಬರ್ತೈತಿ!" ಎಂದು ಕುಣಿದಳು. ನಾನೂ ಕುಣಿದೆ. ತಪ್ಪು ಮಾಡಿದವಳು ಹೀಗೆ ಕುಣಿಯಬಹುದೋ ಇಲ್ಲವೋ ಎಂಬ ಗೊಂದಲದಲ್ಲಿ ನಡುವೆ ಒಮ್ಮೆ ನಿಂತು ಸೊಸೆಯ ಮುಖ ನೋಡಿದೆ. ಅವಳು ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು.

ಪರೀಕ್ಷೆ ಪಾಸಾಯಿತು. ನಡುಗಡ್ಡೆಗೂ ಹೋದಳು. ಅಲ್ಲಿಂದ ದಡಕ್ಕೆ ಬಂದ ಕೂಡಲೇ ಫೋನ್: ಮೊದಲನೆಯ ಸಲ ಮುಳುಗಿದಾಗಲೇ ಪಾಟಿಯ ಎರಡೂ ಬದಿ ತುಂಬಿತಂತೆ. ಹಳದಿ ಪಟ್ಟೆಯವು, ನೀಲಿಯವು, ಗಿಳಿಯ ಹಾಗೆ ಮೂತಿ ಇರುವವು. ನನಗೆ ಒಂದೂ ಕಣ್ಣ ಮುಂದೆ ಬರಲಿಲ್ಲ. ಕಿವಿ ತುಂಬ ಅವಳ ಖುಷಿ ಮಾತ್ರ ಬಂತು. ಆದರೂ ಕೇಳಿದೆ.

"ಅಂದ್ರ ಮೀನ ಬಾಳ ಅದಾವೋ, ಕಡಿಮಿ ಅದಾವೋ?"

"ಈಗ ಹೆಂಗ ಹೇಳೂದು ಆಯಿ? ಮುಂದಿನ ವರ್ಷ ಮತ್ತ ಎಣಿಸಬೇಕು, ಅದರ ಮುಂದಿನ ವರ್ಷಾನೂ ಎಣಿಸಬೇಕು. ಆಮ್ಯಾಲ ತಿಳೀತೈತಿ, ಹೆಚ್ಚಾಗಾಕತ್ತಾವೋ ಕಡಿಮಿ ಆಗಾಕತ್ತಾವೋ ಅಂತ."

"ಅಲ್ಲೀತನಕ ನಿಮ್ಮ ಸರ್‌ಗೂ ಗೊತ್ತಿಲ್ಲ?"

"ಅವರಿಗೂ ಗೊತ್ತಿಲ್ಲ."

ಫೋನ್ ಇಟ್ಟು ಹೊರಗೆ ಬಂದರೆ ಕಾಶೀಬಾಯಿ ಕಟ್ಟೆಯ ಮೇಲೇ ಇದ್ದಳು. "ಏನಂತ್ರಿ, ಸಮುದ್ರದಾಗ ಮೀನ ಎಷ್ಟದಾವಂತ?" ಎಂದಳು. ನಾನು ಸೆರಗು ಸರಿಮಾಡಿಕೊಂಡು ನಿಧಾನವಾಗಿ, "ಇಷ್ಟ ಲಗೂನ ಹೇಳಾಕ ಬರೂದಿಲ್ರಿ. ಇನ್ನೂ ಎರಡ್ಮೂರ ವರ್ಷ ನೋಡಬೇಕು" ಎಂದೆ. ಆಕೆ ಭಾರಿ ಗೌರವದಿಂದ ನನ್ನನ್ನೇ ನೋಡಿದಳು. ಇಷ್ಟು ವರ್ಷ, ಏನಾದರೂ ತಿಳಿಯದಿದ್ದರೆ ಸುಮ್ಮನೆ ನಕ್ಕು ದಡ್ಡಿ ಅನ್ನಿಸಿಕೊಂಡೆ. ಗೊತ್ತಿಲ್ಲ ಎನ್ನುವುದನ್ನು ಗಂಭೀರವಾಗಿ ಹೇಳಬೇಕೆಂದು ಮೂರನೇ ಇಯತ್ತೆಯಲ್ಲೇ ಯಾರಾದರೂ ಕಲಿಸಿದ್ದರೆ ನಾನೂ ದೊಡ್ಡ ಹುದ್ದೆಯಲ್ಲಿರುತ್ತಿದ್ದೆ.