ಪಾರ್ಕಿನಲ್ಲಿ ಸಿಕ್ಕ ಕುಕ್ಕರ್

ವಿನೋಬನಗರದ ಮನೆಯಿಂದ ಸ್ಕೂಟರಿನಲ್ಲಿ ಭದ್ರಾವತಿ ಕಡೆಯ ನಮ್ಮ ಗ್ರಾಮ ಪಂಚಾಯತಿ ಕಚೇರಿ ಮುಟ್ಟುವಷ್ಟರಲ್ಲಿ ಏನಾದರೊಂದು ಆಗಿಯೇ ಇರುತ್ತದೆ. ನಾನಲ್ಲಿ ಪಿಡಿಒ. ಅಂದರೆ ಊರಿನವರಿಗೆ ಯಾರನ್ನಾದರೂ ಬಯ್ಯಬೇಕು ಅನ್ನಿಸಿದಾಗ ಕೈಗೆ ಸಿಗುವವಳು. ಈ ವರ್ಷ ಆಗಿದ್ದೆಲ್ಲ ಒಂದು ಪಾರ್ಕಿನ ಸುತ್ತ.

೧. ಖಾಲಿ ಜಾಗ

ಊರಂಚಿನ ಬಡಾವಣೆಯ ನಕ್ಷೆಯಲ್ಲಿ ಒಂದು ಮೂಲೆಗೆ ‘ಪಾರ್ಕ್’ ಎಂದು ಬರೆದಿದೆ. ಇರುವುದು ಬರೀ ಹುಲ್ಲು. ಆದರೂ ಮಕ್ಕಳು ಆಡುವುದು ಅಲ್ಲೇ. ಅದೂ ಹೋದರೆ ಲಾರಿ ಓಡಾಡುವ ರಸ್ತೆಯೇ ಗತಿ. ಆ ಜಾಗದ ಮೇಲೆ ಪಂಚಾಯತಿ ಸದಸ್ಯರೊಬ್ಬರ ಕಣ್ಣು ಬಿತ್ತು.

“ಮೇಡಂ, ಅದನ್ನ ಸೈಟ್ ಮಾಡಿ ನಮ್ಮ ಬಾಮೈದನಿಗೆ ಖಾತೆ ಕೊಡಿ.”

“ಮಕ್ಕಳು ಆಡೋ ಜಾಗ ಅಲ್ವಾ ಸಾರ್?”

“ಹಗಲೆಲ್ಲ ಅವು ಸ್ಕೂಲಲ್ಲಿರ್ತಾವೆ. ಜಾಗ ಖಾಲಿ ಬಿದ್ದಿರುತ್ತಲ್ಲ!”

“ಭಾನುವಾರ ಸ್ಕೂಲೂ ಖಾಲಿ ಬಿದ್ದಿರುತ್ತೆ ಸಾರ್” ಅಂದೆ. ಅವರು ಯೋಚನೆ ಮಾಡತೊಡಗಿದರು. ನನಗೆ ಭಯವಾಯಿತು.

೨. ಕಣ್ಣು ಕಾಣದವರು

ವಾರದೊಳಗೆ ಅಲ್ಲಿ ತಗಡಿನ ಶೆಡ್ ಎದ್ದಿತು. ಅದನ್ನು ತೆಗೆಸಬೇಕಾದರೆ ಸ್ಥಳದಲ್ಲೇ ಮಹಜರ್ ಬರೆದು, ಊರಿನ ಇಬ್ಬರ ಕೈಲಿ ಸಾಕ್ಷಿ ಸಹಿ ಹಾಕಿಸಬೇಕು. ಊರಿನ ಮುಕ್ಕಾಲು ಪಾಲು ಆ ಸದಸ್ಯರ ನೆಂಟರು! “ನಮ್ಮ ಮಕ್ಳೂ ಅಲ್ಲೇ ಆಡೋದು, ಕೊಡಿ” ಅಂತ ಗ್ಯಾರೇಜಿನ ಸಾಬರೊಬ್ಬರು ಒಪ್ಪಿದರು. ಇನ್ನೊಬ್ಬರು ಸಿಗಲಿಲ್ಲ. ಟೀ ಅಂಗಡಿಯಲ್ಲಿ ಪೇಪರ್ ಓದುತ್ತಿದ್ದ ಹಿರಿಯರ ಮುಂದೆ ಮಹಜರಿನ ಕಾಗದ ಹಿಡಿದೆ.

“ನಂಗೆ ಕಣ್ಣೇ ಕಾಣಲ್ಲ ಕಣಮ್ಮ.”

ಸಿಟ್ಟು ನುಂಗಿಕೊಂಡು ಹೊರಟೆ. ಹಿಂದಿನಿಂದ ಕರೆದರು. “ತಾರೀಕು ತಪ್ಪು ಬರ್ದಿದ್ದೀಯ ನೋಡು.”

೩. ಎರಡನೇ ಸಹಿ

ತಾಲ್ಲೂಕು ಪಂಚಾಯತಿಯಿಂದ ಸಾಹೇಬರು ಪರಿಶೀಲನೆಗೆ ಬಂದರು. ಅವತ್ತು ಎರಡನೇ ಸಹಿ ಬೀಳದಿದ್ದರೆ ಪಾರ್ಕೂ ಹೋಯಿತು, ಕರ್ತವ್ಯಲೋಪ ಅಂತ ನನಗೆ ನೋಟಿಸೂ ಬಂತು. ನೋಡಿದರೆ ಶೆಡ್ಡಿನೊಳಗೆ ಸಂಸಾರವನ್ನೇ ಹೂಡಿದ್ದಾರೆ! ಮಂಚ, ಒಲೆ, ಹಗ್ಗದ ಮೇಲೆ ಲುಂಗಿ. ಮಂಚದ ಮೇಲೆ ಬಾಮೈದ.

“ಹತ್ತು ವರ್ಷದಿಂದ ಇಲ್ಲೇ ವಾಸ ಸಾರ್” ಅಂದರು ಸದಸ್ಯರು.

ಸಾಹೇಬರು ಫಳಫಳ ಹೊಳೆಯುವ ತಗಡನ್ನು ನೋಡಿ ನನ್ನ ಕಡೆ ತಿರುಗಿದರು. “ಇನ್ನೊಬ್ಬ ಸಾಕ್ಷಿ ಎಲ್ರೀ?”

ನೆರೆದವರೆಲ್ಲ ತಂತಮ್ಮ ಚಪ್ಪಲಿ ನೋಡಿಕೊಂಡರು. ಹೊತ್ತು ತಳ್ಳಲು ಸಾಮಾನಿನ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾ ಬರೆಯತೊಡಗಿದೆ. “ಮಂಚ ಒಂದು. ಕುಕ್ಕರ್ ಒಂದು…”

“ಕುಕ್ಕರಾ?” ಗುಂಪಿನ ಹಿಂದಿನಿಂದ ದನಿ ಬಂತು. ಸದಸ್ಯರ ಹೆಂಡತಿ! ಜನರನ್ನು ಸರಿಸಿಕೊಂಡು ಬಂದವರೇ ಕುಕ್ಕರ್ ಎತ್ತಿಕೊಂಡರು. “ಬೆಳಿಗ್ಗೆಯಿಂದ ಇದನ್ನೇ ಹುಡುಕ್ತಿದ್ದೀನಿ ಕಣ್ರೀ! ಬೇಳೆ ತೊಳೆದಿಟ್ಟು ಕೂತಿದ್ದೀನಿ!” ಆಮೇಲೆ ತಮ್ಮನ ಕಡೆ ತಿರುಗಿದರು. “ಲೋ, ಈಗಷ್ಟೇ ನಮ್ಮನೇಲಿ ಎದ್ದು ಐದು ದೋಸೆ ತಿಂದ್ಯಲ್ಲೋ! ಇಲ್ಲೆಂಥದೋ ನಿಂಗೆ ವಾಸ?”

“ಸುಮ್ನಿರೇ!” ಅಂದರು ಸದಸ್ಯರು.

ನಾನು ಸುಮ್ಮನಿರಲಿಲ್ಲ. “ಅಕ್ಕಾ, ಕುಕ್ಕರ್ ಮಹಜರಲ್ಲಿ ಸೇರಿಬಿಟ್ಟಿದೆ. ನೀವೀಗ ಹೇಳಿದ್ದನ್ನೇ ಬರೀತೀನಿ, ಸೈನ್ ಹಾಕಿ ತಗೊಂಡು ಹೋಗಿ.”

ಹೇಳಿದ್ದನ್ನೆಲ್ಲ ಬರೆದು, ಓದಿ ಹೇಳಿದೆ. ದೋಸೆಯ ಲೆಕ್ಕ ಸಮೇತ. ಅವರು ಗಂಡನನ್ನೊಮ್ಮೆ ದುರುಗುಟ್ಟಿ ನೋಡಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಸಾಹೇಬರು ಫೈಲ್ ಮುಚ್ಚಿದರು.

ಕುಕ್ಕರ್ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲು ದಾಟಿದವರು ಮತ್ತೆ ವಾಪಸ್ ಬಂದರು.

“ಮೇಡಂ, ಆ ಮಂಚಾನೂ ನಮ್ದೇ. ಅದಕ್ಕೆ ಎಲ್ಲಿ ಸೈನ್ ಹಾಕ್ಬೇಕು?”